ಗುಡ್ಡದ ರಸ್ತೆಯೋ, ಕಾಲುವೆ ದಂಡೆಯೋ: ಸೈಕಲ್ ಪ್ರವಾಸಕ್ಕೆ ಮಾರ್ಗ ಆರಿಸುವ ಬಗೆ

ಸೈಕಲ್ ಪ್ರವಾಸಕ್ಕೆ ಮಾರ್ಗ ಹುಡುಕುವವರು ಮೊದಲು ಕೇಳುವುದು ಒಟ್ಟು ಎಷ್ಟು ಕಿಲೋಮೀಟರ್ ಎಂದು. ಗುಡ್ಡಗಾಡಿನ ಹಳ್ಳಿ ರಸ್ತೆ, ಕಾಲುವೆ ದಂಡೆಯ ದಾರಿ ಇವೆರಡರಲ್ಲಿ ಒಂದನ್ನು ಆರಿಸಬೇಕಾದಾಗ ಈ ಪ್ರಶ್ನೆಯಿಂದ ಹೆಚ್ಚು ತಿಳಿಯುವುದಿಲ್ಲ. ಗುಡ್ಡದಲ್ಲಿ ದಿನದ ಉದ್ದವನ್ನು ತೀರ್ಮಾನಿಸುವುದು ಒಟ್ಟು ಎಷ್ಟು ಮೀಟರ್ ಏರಬೇಕು ಎಂಬುದು. ಕಾಲುವೆ ಪಕ್ಕದಲ್ಲಿ ತೀರ್ಮಾನಿಸುವುದು ಚಕ್ರದ ಕೆಳಗಿನ ನೆಲ ಮತ್ತು ಎದುರಿನ ಗಾಳಿ. ಎರಡಕ್ಕೂ ಒಂದೇ ಅಳತೆ ಹಿಡಿದು ಹೊರಟರೆ ಗುಡ್ಡದ ದಾರಿಯಲ್ಲಿ ಊರು ಸೇರುವ ಮೊದಲೇ ಕತ್ತಲಾಗುತ್ತದೆ, ಕಾಲುವೆ ದಾರಿಯಲ್ಲಿ ಅರ್ಧ ದಿನ ಕೆಸರು ಕೆರೆಯುವುದರಲ್ಲೇ ಕಳೆಯುತ್ತದೆ.

ಮುಂದಿನ ಲೆಕ್ಕಗಳಿಗೆಲ್ಲ ಸವಾರರು, ಸೈಕಲ್, ಸಾಮಾನು ಎಲ್ಲ ಸೇರಿ 100 ಕಿಲೋ ಎಂದು ಹಿಡಿದಿದೆ. ನಿಮ್ಮದು 85 ಅಥವಾ 115 ಆಗಿದ್ದರೆ ಏರಿನ ಅಂಕಿಗಳನ್ನು ಅದೇ ಪ್ರಮಾಣದಲ್ಲಿ ತಿದ್ದಿಕೊಳ್ಳಿ.

ದಿನದ ಲೆಕ್ಕ

ಒಂದಿಷ್ಟು ಅಭ್ಯಾಸ ಇರುವವರು ಗಂಟೆಗಟ್ಟಲೆ ತುಳಿಯುತ್ತ ಉಳಿಸಿಕೊಳ್ಳಬಲ್ಲ ಶಕ್ತಿ ಸುಮಾರು 100ರಿಂದ 120 ವಾಟ್. ಗಾಳಿಯಿಲ್ಲದ ದಿನ, ಸಮತಟ್ಟಾದ ಟಾರು ರಸ್ತೆಯಲ್ಲಿ ಅಷ್ಟು ಶಕ್ತಿಗೆ ಗಂಟೆಗೆ 20 ಕಿ.ಮೀ. ವೇಗ ಸಿಗುತ್ತದೆ. ಅದೇ ಶಕ್ತಿಗೆ ಶೇ 5ರ ಏರಿನಲ್ಲಿ (100 ಮೀಟರ್ ಸಾಗಿದರೆ 5 ಮೀಟರ್ ಮೇಲೇರುವ ಕಡೆ) ಸಿಗುವುದು ಗಂಟೆಗೆ 7 ಕಿ.ಮೀ. ಮಾತ್ರ. ಇಳಿಜಾರಿನಲ್ಲಿ ಉಳಿಯುವ ಸಮಯ ಏರಿನಲ್ಲಿ ಕಳೆದುಕೊಂಡದ್ದರ ಕಾಲು ಭಾಗವನ್ನೂ ಮರಳಿಸುವುದು ಕಷ್ಟ. ಆದ್ದರಿಂದ ಗುಡ್ಡದ ಮಾರ್ಗಕ್ಕೆ ಹೀಗೆ ಲೆಕ್ಕ ಹಾಕಿ: ಒಟ್ಟು ದೂರವನ್ನು 20ರಿಂದ ಭಾಗಿಸಿ, ಬಂದ ಗಂಟೆಗಳಿಗೆ ಪ್ರತಿ 100 ಮೀಟರ್ ಏರಿಗೂ 7ರಿಂದ 11 ನಿಮಿಷ ಸೇರಿಸಿ. ನಿಧಾನವಾಗಿ ಏರುವ ರಸ್ತೆಗೆ 7, ಕಡಿದಾಗಿ ಏರುವುದಕ್ಕೆ 11. ಇಳಿಜಾರಿನ ಲಾಭ ಇದರಲ್ಲೇ ಸೇರಿದೆ. 70 ಕಿ.ಮೀ. ದೂರ, 1,200 ಮೀಟರ್ ಏರು ಇರುವ ದಿನಕ್ಕೆ ಬರೀ ತುಳಿಯುವ ಸಮಯವೇ 5ರಿಂದ 5 ಮುಕ್ಕಾಲು ಗಂಟೆ. ಊಟ, ವಿಶ್ರಾಂತಿ, ನೀರು ಹುಡುಕುವುದು, ದಾರಿ ನೋಡುವುದು ಸೇರಿದರೆ 8 ಗಂಟೆ ಸುಲಭವಾಗಿ ಆಗುತ್ತದೆ.

ಕಾಲುವೆಗೆ ಈ ಸೂತ್ರ ಬೇಡ. ಅಲ್ಲಿ ನೆಲ ನೋಡಿ ವೇಗ ಆರಿಸಿಕೊಳ್ಳಿ. ಕಲ್ಲುಪುಡಿ ಹಾಕಿ ಗಟ್ಟಿಯಾಗಿ ದಮ್ಮಸು ಮಾಡಿದ ದಾರಿಗೆ ಗಂಟೆಗೆ 15 ಕಿ.ಮೀ., ಬೇರು ಹೊಂಡಗಳಿರುವ ಒಣ ಮಣ್ಣಿನ ದಾರಿಗೆ 12, ಮಳೆ ನೆನೆದ ಜೇಡಿಮಣ್ಣಿಗೆ 9. ಅದೇ 70 ಕಿ.ಮೀ. ಮೊದಲನೆಯದರಲ್ಲಿ 5 ಗಂಟೆಯೊಳಗೆ ಮುಗಿಯುತ್ತದೆ, ಕೊನೆಯದರಲ್ಲಿ 8 ಗಂಟೆಯ ಹತ್ತಿರ ಹಿಡಿಯುತ್ತದೆ. ಏರೇ ಇಲ್ಲದ ದಾರಿ ಗುಡ್ಡದ ದಾರಿಗಿಂತ ಹೆಚ್ಚು ಹೊತ್ತು ತಿನ್ನುವುದು ಹೀಗೆ.

ನಕ್ಷೆಯ ಆ್ಯಪ್‌ಗಳು ತೋರಿಸುವ ಏರಿನ ಅಂಕಿಯನ್ನು ಒಮ್ಮೆ ಪರೀಕ್ಷಿಸಿಯೇ ನಂಬಬೇಕು. ಒಂದೇ ಮಾರ್ಗಕ್ಕೆ ಎರಡು ಆ್ಯಪ್‌ಗಳು ಎರಡು ಮೊತ್ತ ತೋರಿಸುತ್ತವೆ. ಹಾಗಾಗಿ ಎರಡು ಮಾರ್ಗಗಳನ್ನು ಹೋಲಿಸುವಾಗ ಎರಡನ್ನೂ ಒಂದೇ ಆ್ಯಪ್‌ನಲ್ಲಿ ಹಾಕಿ ನೋಡಿ. ಕಾಲುವೆ ವಿಷಯದಲ್ಲಿ ತಪ್ಪು ಇನ್ನೂ ದೊಡ್ಡದು. ಗುಡ್ಡವನ್ನು ಸೀಳಿ ತೋಡಿದ ಜಾಗದಲ್ಲಿ ಆ್ಯಪ್ ಕಾಲುವೆಯ ಬದಲು ಪಕ್ಕದ ಗುಡ್ಡದ ಎತ್ತರ ಹಿಡಿಯುತ್ತದೆ. ಕಣಿವೆಯ ಮೇಲೆ ಸೇತುವೆ ಕಟ್ಟಿ ಕಾಲುವೆ ದಾಟಿಸಿದ ಕಡೆ ಕಣಿವೆಯ ತಳ ಹಿಡಿಯುತ್ತದೆ. ಇಲ್ಲದ ನೂರಾರು ಮೀಟರ್ ಏರು ಹುಟ್ಟಿಕೊಳ್ಳುವುದು ಹೀಗೆ. ದೋಣಿ ಓಡುವ ಕಾಲುವೆಯಾದರೆ ಸರಿಯಾದ ಅಂದಾಜಿಗೆ ಲಾಕ್‌ಗಳನ್ನು ಎಣಿಸಿ. ದೋಣಿಯನ್ನು ಒಂದು ಮಟ್ಟದಿಂದ ಇನ್ನೊಂದು ಮಟ್ಟಕ್ಕೆ ಎತ್ತುವ ಈ ಕಟ್ಟೆಗಳು ಒಂದೊಂದೂ ಸಾಮಾನ್ಯವಾಗಿ 2ರಿಂದ 3 ಮೀಟರ್ ಎತ್ತುತ್ತವೆ. ಇಂಗ್ಲೆಂಡಿನ ಕೆನೆಟ್ ಅಂಡ್ ಏವನ್ ಕಾಲುವೆಯ ಕೇನ್ ಹಿಲ್‌ನಲ್ಲಿ 29 ಲಾಕ್‌ಗಳು ಸೇರಿ ಏರುವುದು 72 ಮೀಟರ್. ಅಮೆರಿಕದ ಸಿ ಅಂಡ್ ಓ ಕಾಲುವೆಯ 297 ಕಿ.ಮೀ. ಉದ್ದಕ್ಕೆ 74 ಲಾಕ್‌ಗಳು, ಒಟ್ಟು ಮಟ್ಟದ ವ್ಯತ್ಯಾಸ 184 ಮೀಟರ್.

ಗುಡ್ಡದ ಮಾರ್ಗಗಳನ್ನು ತಮ್ಮತಮ್ಮೊಳಗೆ ಹೋಲಿಸಲು 10 ಕಿ.ಮೀ.ಗೆ ಎಷ್ಟು ಮೀಟರ್ ಏರು ಎಂದು ನೋಡುವುದು ಒಳ್ಳೆಯದು. 100ಕ್ಕಿಂತ ಕಡಿಮೆ ಇದ್ದರೆ ಸಾಮಾನು ಹೊತ್ತವರಿಗೂ ಆರಾಮ. 150ರ ಹೊತ್ತಿಗೆ ಗೇರ್ ಸರಿ ಇರಲೇಬೇಕು. 200 ದಾಟಿದರೆ ದಿನದ ದೂರವನ್ನು 50 ಕಿ.ಮೀ.ಗೆ ಇಳಿಸಿ.

ಏರು: ಕಾಲಿಗಿಂತ ಮೊದಲು ಗೇರ್

ಗುಡ್ಡದ ದಾರಿ ನಿಮಗೆ ಒಗ್ಗುತ್ತದೆಯೇ ಎಂದು ತಿಳಿಯಲು ನಿಮ್ಮ ಸೈಕಲ್ಲಿನ ಅತಿ ಹಗುರ ಗೇರ್ ನೋಡಿ. ಮುಂದಿನ ಚಿಕ್ಕ ಚೈನ್‌ವೀಲ್‌ನ ಹಲ್ಲುಗಳನ್ನು ಹಿಂದಿನ ಕ್ಯಾಸೆಟ್ಟಿನ (ಹಲ್ಲುಚಕ್ರಗಳ ಗೊಂಚಲಿನ) ದೊಡ್ಡ ಚಕ್ರದ ಹಲ್ಲುಗಳಿಂದ ಭಾಗಿಸಿ. 700×38 ಟೈರಿನ ಸುತ್ತಳತೆ ಸುಮಾರು 2.18 ಮೀಟರ್. ಅದರಿಂದ ಗುಣಿಸಿದರೆ ಪೆಡಲ್ ಒಂದು ಸುತ್ತು ತಿರುಗಿದಾಗ ಸೈಕಲ್ ಎಷ್ಟು ಮುಂದೆ ಹೋಗುತ್ತದೆ ಎಂಬುದು ಬರುತ್ತದೆ. ಮುಂದೆ 34, ಹಿಂದೆ 28 ಹಲ್ಲಿದ್ದರೆ 2.65 ಮೀಟರ್. ಮುಂದೆ 34, ಹಿಂದೆ 34 ಇದ್ದರೆ 2.18. ಮುಂದೆ 26, ಹಿಂದೆ 36 ಇದ್ದರೆ 1.57.

ಈಗ ಶೇ 8ರ ಏರು ಬಂತು ಎನ್ನಿ. ನಿಮಿಷಕ್ಕೆ 60 ಸುತ್ತಿಗಿಂತ ಕಡಿಮೆ ತುಳಿದರೆ ಮೊಣಕಾಲಿಗೆ ಭಾರ ಬೀಳುತ್ತದೆ, ಸೈಕಲ್ ಓಲಾಡುತ್ತದೆ. 60 ಸುತ್ತನ್ನೇ ಉಳಿಸಿಕೊಳ್ಳಬೇಕೆಂದರೆ ಮೊದಲ ಗೇರಿಗೆ ಸುಮಾರು 230 ವಾಟ್ ಬೇಕು, ಎರಡನೆಯದಕ್ಕೆ 185, ಮೂರನೆಯದಕ್ಕೆ 135. ಮೂರನೆಯದು ಅಭ್ಯಾಸವಿರುವವರು ಒಂದು ಗಂಟೆ ಎಳೆಯಬಲ್ಲ ಶಕ್ತಿ. ಮೊದಲನೆಯದು ಸಾಮಾನ್ಯ ಸವಾರರಿಗೆ ಕೆಲವೇ ನಿಮಿಷಗಳ ಮಾತು. ರಸ್ತೆ ಸೈಕಲ್ಲಿಗೆ ಕ್ಯಾರಿಯರ್ ಕಟ್ಟಿ ಗುಡ್ಡಕ್ಕೆ ಹೊರಟವರು ಮೂರನೇ ದಿನ ಮೊಣಕಾಲು ಹಿಡಿದುಕೊಳ್ಳುವುದಕ್ಕೆ ಬಹುಪಾಲು ಇದೇ ಕಾರಣ. ದೇಹ ಗಟ್ಟಿಮಾಡಲು ತಿಂಗಳುಗಳು ಬೇಕು, ಕ್ಯಾಸೆಟ್ ಬದಲಾಯಿಸಲು ಒಂದು ಗಂಟೆ ಸಾಕು.

ಬದಲಾಯಿಸುವಾಗ ಎರಡು ಸಂಗತಿ ನೋಡಬೇಕು. ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಹಿಂದಿನ ಡಿರೇಲರ್ ಎಷ್ಟು ಹಲ್ಲಿನವರೆಗೆ ತಾಳುತ್ತದೆ ಎಂಬುದಕ್ಕೆ ಮಿತಿ ಇದೆ. ತಯಾರಕರು ಅದನ್ನು ಬರೆದೇ ಇರುತ್ತಾರೆ. ಎರಡನೆಯದು ಚೈನಿನ ಉದ್ದ. ದೊಡ್ಡ ಕ್ಯಾಸೆಟ್ ಹಾಕಿ ಹಳೆ ಚೈನನ್ನೇ ಬಿಟ್ಟರೆ, ಮುಂದೆಯೂ ಹಿಂದೆಯೂ ದೊಡ್ಡ ಚಕ್ರಕ್ಕೆ ಬಂದ ಕ್ಷಣ ಚೈನ್ ಬಿಗಿದು ನಿಲ್ಲುತ್ತದೆ, ಡಿರೇಲರ್ ಕೊಂಡಿ ಬಾಗುತ್ತದೆ. ಅಳತೆ ಹೀಗೆ: ಚೈನನ್ನು ಡಿರೇಲರ್ ಒಳಗೆ ಹಾಯಿಸದೆ ಮುಂದಿನ ದೊಡ್ಡದು, ಹಿಂದಿನ ದೊಡ್ಡದು ಎರಡರ ಸುತ್ತ ಬಿಗಿಯಾಗಿ ಹಿಡಿಯಿರಿ. ತುದಿಗಳು ಕೂಡುವ ಜಾಗಕ್ಕಿಂತ ಎರಡು ಕೊಂಡಿ ಹೆಚ್ಚು ಬಿಟ್ಟು ಕತ್ತರಿಸಿ.

ಸರಾಸರಿ ಏರು ನೋಡಿ ಮೋಸಹೋಗಬಾರದು. 5 ಕಿ.ಮೀ.ಗೆ ಸರಾಸರಿ ಶೇ 5 ಎಂದು ಬರೆದ ರಸ್ತೆಯ ಒಳಗೆ ಶೇ 12ರ ಅರ್ಧ ಕಿ.ಮೀ. ಅಡಗಿರಬಹುದು. ಬೆಟ್ಟದ ಎತ್ತರಕ್ಕೂ ಕಷ್ಟಕ್ಕೂ ನೇರ ಸಂಬಂಧವಿಲ್ಲ. ಇಟಲಿಯ ಸ್ಟೆಲ್ವಿಯೊ ಘಾಟಿಯ ನೆತ್ತಿ 2,757 ಮೀಟರ್ ಎತ್ತರದಲ್ಲಿದೆ. ಪ್ರಾತೊ ಕಡೆಯಿಂದ 24 ಕಿ.ಮೀ. ಏರಬೇಕು, ಆದರೂ ಸರಾಸರಿ ಶೇ 7.5ರ ಒಳಗೇ ಇದೆ. ಹಗುರ ಗೇರ್ ಇದ್ದರೆ ತಾಳ್ಮೆಯಿಂದ ಏರಬಹುದು. ಇಂಗ್ಲೆಂಡಿನ ಹಾರ್ಡ್‌ನಾಟ್ ಘಾಟಿ ಬರೀ 393 ಮೀಟರ್, ಆದರೆ ಅದರ ತಿರುವುಗಳಲ್ಲಿ ಏರು ಶೇ 33 ಮುಟ್ಟುತ್ತದೆ. ಸಾಮಾನು ಹೊತ್ತ ಸೈಕಲ್ಲನ್ನು ಅಲ್ಲಿ ತಳ್ಳುವುದೇ ದಾರಿ. ವಾಹನಗಳಿಗಾಗಿ ತಿರುವು ಹಾಕಿ ಕಟ್ಟಿದ ಘಾಟಿ ರಸ್ತೆಗಳಿಗಿಂತ, ಹಳ್ಳಿಯಿಂದ ಹಳ್ಳಿಗೆ ನೇರವಾಗಿ ಬೆಳೆದುಬಂದ ಸಣ್ಣ ರಸ್ತೆಗಳೇ ಹೆಚ್ಚು ಕಾಡುತ್ತವೆ. ಮಾರ್ಗ ನೋಡುವಾಗ ಅತಿ ಕಡಿದಾದ 200 ಮೀಟರ್ ಎಲ್ಲಿದೆ ಎಂದು ಹುಡುಕಿ. ಅದು ಶೇ 12 ದಾಟಿದ್ದರೆ ತಳ್ಳುವ ಸಮಯವನ್ನೂ ಲೆಕ್ಕಕ್ಕೆ ಸೇರಿಸಿ.

ಗೇರ್ ಬದಲಿಸುವುದು ಏರು ಶುರುವಾಗುವ ಮೊದಲು. ಅರ್ಧ ಏರಿದ ಮೇಲೆ ಪೂರ್ತಿ ಭಾರ ಹಾಕಿ ತುಳಿಯುತ್ತ ಬದಲಿಸಿದರೆ ಚೈನ್ ಹಾರುತ್ತದೆ, ಕೆಲವೊಮ್ಮೆ ತುಂಡಾಗುತ್ತದೆ.

ಇಳಿಜಾರು ಮತ್ತು ಬ್ರೇಕ್

ಏರಿನ ಚಿಂತೆಯಲ್ಲಿ ಇಳಿಜಾರನ್ನು ಮರೆಯುವವರೇ ಹೆಚ್ಚು. 100 ಕಿಲೋ ತೂಕ 500 ಮೀಟರ್ ಇಳಿಯುವಾಗ ಬಿಡುಗಡೆಯಾಗುವ ಶಕ್ತಿ ಸುಮಾರು 490 ಕಿಲೋಜೂಲ್. ಒಂದೂವರೆ ಲೀಟರ್ ತಣ್ಣೀರನ್ನು ಕುದಿಸಲು ಅಷ್ಟು ಸಾಕು. ಅದರಲ್ಲಿ ಒಂದು ಪಾಲನ್ನು ಗಾಳಿ ತಿನ್ನುತ್ತದೆ, ಉಳಿದದ್ದೆಲ್ಲ ಬ್ರೇಕಿಗೆ ಹೋಗುತ್ತದೆ. ರಿಮ್ ಬ್ರೇಕ್ ಆಗಿದ್ದರೆ ರಿಮ್ ಕಾದು ಟ್ಯೂಬ್ ಸಿಡಿಯಬಹುದು. ಡಿಸ್ಕ್ ಆಗಿದ್ದರೆ ರೆಸಿನ್ (ರಾಳ ಬೆರೆಸಿ ಮಾಡಿದ) ಪ್ಯಾಡ್ ಮೇಲ್ಮೈ ಹೊಳಪುಗಟ್ಟಿ ಹಿಡಿತ ಬಿಡುತ್ತದೆ.

ಬ್ರೇಕನ್ನು ಹಗುರವಾಗಿ ಒತ್ತಿ ಹಿಡಿದೇ ಇಳಿಯುವುದು ಅತ್ಯಂತ ಕೆಟ್ಟ ಅಭ್ಯಾಸ. ರಸ್ತೆ ನೇರವಾಗಿ ಕಾಣುವ ಕಡೆ ಸೈಕಲ್ಲನ್ನು ಸುರಕ್ಷಿತ ವೇಗದವರೆಗೆ ಓಡಲು ಬಿಡಿ, ಗಾಳಿಯೇ ಹಿಡಿಯಲಿ. ತಿರುವಿಗೆ ಮುಂಚೆ ಎರಡೂ ಬ್ರೇಕ್ ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ತಿರುವಿನಲ್ಲಿ ಬಿಡಿ. ನಡುನಡುವೆ ಬ್ರೇಕ್ ತಣಿಯಲು ಸಮಯ ಸಿಗುತ್ತದೆ. ದೀರ್ಘ ಇಳಿಜಾರಿನಲ್ಲಿ ಹಿಡಿಕೆ ಹ್ಯಾಂಡಲ್ಲಿನತ್ತ ಹೆಚ್ಚು ಹೆಚ್ಚು ಬರುತ್ತಿದೆ ಅನ್ನಿಸಿದರೆ ತಕ್ಷಣ ನಿಲ್ಲಿಸಿ, ಹತ್ತು ನಿಮಿಷ ಆರಲು ಬಿಡಿ. ಆರಿಸಲೆಂದು ನೀರು ಸುರಿಯಬೇಡಿ, ಕಾದ ಡಿಸ್ಕ್ ಸೊಟ್ಟಗಾಗುತ್ತದೆ.

ಗುಡ್ಡದ ಪ್ರವಾಸಕ್ಕೆ ಸಿಂಟರ್ಡ್ (ಲೋಹದ ಪುಡಿಯಿಂದ ಮಾಡಿದ) ಪ್ಯಾಡ್ ಒಳ್ಳೆಯದು. ಸದ್ದು ಹೆಚ್ಚು, ಆದರೆ ಶಾಖ ಮತ್ತು ಮಳೆಯಲ್ಲಿ ಬಾಳುತ್ತದೆ. ನಿಮ್ಮ ಡಿಸ್ಕ್ ಮೇಲೆ ರೆಸಿನ್ ಪ್ಯಾಡ್ ಮಾತ್ರ ಎಂದು ಬರೆದಿದ್ದರೆ ಸಿಂಟರ್ಡ್ ಹಾಕಬೇಡಿ, ಡಿಸ್ಕ್ ಬೇಗ ಸವೆಯುತ್ತದೆ. ಪ್ಯಾಡಿನ ಸವೆಯುವ ಪದರ 1 ಮಿ.ಮೀ.ಗೆ ಬಂದಿದ್ದರೆ ಹೊರಡುವ ಮೊದಲೇ ಬದಲಿಸಿ. ಮಳೆಯಲ್ಲಿ ಒಂದು ದಿನದ ಇಳಿಜಾರು ಉಳಿದದ್ದನ್ನು ಮುಗಿಸಿಬಿಡಬಹುದು. ಇನ್ನೊಂದು ಜೊತೆ ಬ್ಯಾಗಿನಲ್ಲಿರಲಿ.

ಮೇಲೆ ಹೋದಂತೆ ಚಳಿ: ಪ್ರತಿ 1,000 ಮೀಟರಿಗೆ ಸುಮಾರು 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಬೆವರಿದ ಮೈ, ಮೇಲೆ ಇಳಿಜಾರಿನ ಗಾಳಿ. ಬೆರಳು ಮರಗಟ್ಟಿದರೆ ಬ್ರೇಕ್ ಒತ್ತಲಾಗದು. ಗಾಳಿ ತಡೆಯುವ ಜಾಕೆಟ್, ಪೂರ್ತಿ ಬೆರಳಿನ ಕೈಗವಸು ಬ್ಯಾಗಿನ ಮೇಲ್ಭಾಗದಲ್ಲಿರಲಿ, ನೆತ್ತಿಯಲ್ಲೇ ಹಾಕಿಕೊಳ್ಳಿ.

ಸಮತಟ್ಟು ಸುಲಭವಲ್ಲ

ಕಾಲುವೆ ದಂಡೆಯಲ್ಲಿ ಉಸಿರು ಬಿಗಿಹಿಡಿಯುವ ಕ್ಷಣವೇ ಬರುವುದಿಲ್ಲ. ಆದರೆ ಬಿಡುವಿನ ಕ್ಷಣವೂ ಬರುವುದಿಲ್ಲ. ಗುಡ್ಡದಲ್ಲಿ ಇಳಿಯುವಾಗ ಕಾಲು ನಿಲ್ಲುತ್ತದೆ, ಏರಿನಲ್ಲಿ ಎದ್ದು ತುಳಿಯುತ್ತೀರಿ, ಕೂರುವ ಭಂಗಿ ತಾನಾಗಿ ಬದಲಾಗುತ್ತದೆ. ಕಾಲುವೆಯಲ್ಲಿ ಐದು ಗಂಟೆ ಒಂದೇ ಭಂಗಿ, ಒಂದೇ ಗೇರ್. ಸೀಟಿನ ಹುಣ್ಣು, ಅಂಗೈ ಜೋಮು, ಕಿರುಬೆರಳು ಮರಗಟ್ಟುವುದು ಇವು ಕಾಲುವೆ ದಾರಿಯ ತೊಂದರೆಗಳು. ಹತ್ತು ನಿಮಿಷಕ್ಕೊಮ್ಮೆ ಪೆಡಲ್ ಮೇಲೆ ಎದ್ದು ನಿಂತು ಇಪ್ಪತ್ತು ಸುತ್ತು ತುಳಿಯಿರಿ, ಕೈ ಹಿಡಿತ ಬದಲಿಸಿ. ಸೀಟಿನ ಮೂತಿ ಒಂದೆರಡು ಡಿಗ್ರಿ ಕೆಳಗೆ ಬಾಗಿದ್ದರೂ ದೇಹ ಮುಂದಕ್ಕೆ ಜಾರಿ ಕೈಮೇಲೆ ಭಾರ ಬೀಳುತ್ತದೆ. ಅದನ್ನು ಮಟ್ಟ ಮಾಡಿಯೇ ಹೊರಡಿ.

ಗಾಳಿಯ ಲೆಕ್ಕ ಇನ್ನೂ ಮುಖ್ಯ. ಗಟ್ಟಿ ಕಲ್ಲುಪುಡಿ ದಾರಿಯಲ್ಲಿ, ಗಾಳಿಯಿಲ್ಲದಾಗ 110 ವಾಟ್ ಶಕ್ತಿಗೆ ಗಂಟೆಗೆ 19 ಕಿ.ಮೀ. ಸಿಗುತ್ತದೆ. ಸವಾರರ ಎತ್ತರದಲ್ಲಿ ಗಂಟೆಗೆ 18 ಕಿ.ಮೀ. ವೇಗದ ಎದುರುಗಾಳಿ ಇದ್ದರೆ ಅದು 11ರಿಂದ 12ಕ್ಕೆ ಇಳಿಯುತ್ತದೆ. ಇದು ಶೇ 2ರ ಏರನ್ನು ಇಡೀ ದಿನ ತುಳಿದಂತೆ, ಆದರೆ ಕೊನೆಗೆ ಇಳಿಜಾರು ಸಿಗುವುದಿಲ್ಲ. ಎತ್ತರಿಸಿದ ದಂಡೆಯ ಮೇಲೆ ಮರಗಳಿಲ್ಲದಿದ್ದರೆ ಮರೆ ಎಂಬುದೇ ಇರದು. ಕಾಲುವೆ ಮಾರ್ಗವನ್ನು ಯಾವ ತುದಿಯಿಂದ ಶುರುಮಾಡಬೇಕು ಎಂಬುದನ್ನು ಆ ಋತುವಿನ ಗಾಳಿ ನೋಡಿ ನಿರ್ಧರಿಸಿ. ಫ್ರಾನ್ಸಿನ ಕನಾಲ್ ದ್ಯು ಮಿದಿ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿ ಸೆರ್ಸ್ ಎಂಬ ಗಾಳಿ ಪಶ್ಚಿಮ ಮತ್ತು ವಾಯವ್ಯದಿಂದ, ಒತಾಂ ಎಂಬುದು ಆಗ್ನೇಯದಿಂದ ಬೀಸುತ್ತದೆ. ತುಲೂಸ್‌ನಿಂದ ಸಮುದ್ರದ ಕಡೆಗೆ ಹೋಗುವವರಿಗೆ ಮೊದಲನೆಯದು ನೆರವು, ಎರಡನೆಯದು ತಡೆ.

ನೆಲವೇ ಎಲ್ಲ

ಒಂದೇ ಕಾಲುವೆಯ ದಂಡೆ ಉದ್ದಕ್ಕೂ ಒಂದೇ ತೆರನಾಗಿರುವುದು ಅಪರೂಪ. ಬೇರೆಬೇರೆ ಜಿಲ್ಲೆಗಳು ಬೇರೆಬೇರೆ ಕಾಲದಲ್ಲಿ ಅದನ್ನು ಕಟ್ಟಿ ಕಾಯ್ದಿರುತ್ತವೆ. ಕನಾಲ್ ದ್ಯು ಮಿದಿ 1666ರಿಂದ 1681ರವರೆಗೆ ಪಿಯೆರ್ ಪೋಲ್ ರಿಕೆ ನೇತೃತ್ವದಲ್ಲಿ ತೋಡಿದ 240 ಕಿ.ಮೀ. ಕಾಲುವೆ. ತುಲೂಸ್‌ನಿಂದ ಮೊದಲ ಸುಮಾರು 50 ಕಿ.ಮೀ. ಟಾರು ಹಾಕಿದ ನುಣುಪಾದ ದಾರಿ. ಆ ಅನುಭವವನ್ನು ನಂಬಿ ತೆಳ್ಳನೆಯ ಟೈರಿನಲ್ಲಿ ಮುಂದುವರಿದವರಿಗೆ ಆಮೇಲೆ ಮರದ ಬೇರು, ಕಲ್ಲು, ಒಂದೇ ಚಕ್ರದಗಲದ ಕಾಲುದಾರಿ ಎದುರಾಗುತ್ತವೆ. ಮಾರ್ಗದ ವರದಿ ಓದುವಾಗ ಒಟ್ಟಾರೆ ಚೆನ್ನಾಗಿದೆ ಎಂಬ ಮಾತಿಗೆ ಬೆಲೆ ಕೊಡಬೇಡಿ. ಅತಿ ಕೆಟ್ಟ 20 ಕಿ.ಮೀ. ಎಲ್ಲಿದೆ, ಅದಕ್ಕೆ ಸಮಾನಾಂತರವಾಗಿ ರಸ್ತೆ ಇದೆಯೇ ಎಂದು ಹುಡುಕಿ.

ಜೇಡಿಮಣ್ಣು ಎಲ್ಲಕ್ಕಿಂತ ದೊಡ್ಡ ಶತ್ರು. ಮಳೆಯ ಮರುದಿನ ಅದು ಟೈರಿಗೆ ಅಂಟಿ, ಮಡ್‌ಗಾರ್ಡ್ ಒಳಗೆ ಸೇರಿ, ಪದರ ಪದರವಾಗಿ ಕಟ್ಟಿಕೊಂಡು ಕೊನೆಗೆ ಚಕ್ರವನ್ನೇ ಹಿಡಿದು ನಿಲ್ಲಿಸುತ್ತದೆ. ಆಗಲೂ ಜೋರು ಮಾಡಿ ತುಳಿದರೆ ಮಡ್‌ಗಾರ್ಡ್ ಮುರಿಯುತ್ತದೆ ಇಲ್ಲವೇ ಡಿರೇಲರ್ ಕಡ್ಡಿಗಳಿಗೆ ಸಿಕ್ಕಿಕೊಳ್ಳುತ್ತದೆ. ಟೈರಿಗೂ ಮಡ್‌ಗಾರ್ಡಿಗೂ ನಡುವೆ ಕನಿಷ್ಠ 10 ಮಿ.ಮೀ. ಸಂದು ಇರಲಿ. ಆದರೂ ಕಟ್ಟಿಕೊಂಡರೆ ಮುಂಚಕ್ರದ ಮಡ್‌ಗಾರ್ಡ್ ಬಿಚ್ಚಿ ಬ್ಯಾಗಿಗೆ ಕಟ್ಟಿಬಿಡಿ. ಸಿ ಅಂಡ್ ಓ ದಾರಿಯಂಥ ಮಣ್ಣಿನ ದಂಡೆಗಳನ್ನು ಸತತ ಮಳೆಯ ವಾರದಲ್ಲಿ ಬಿಟ್ಟುಬಿಡುವುದೇ ಜಾಣತನ. ಆಗ ಗುಡ್ಡದ ಟಾರು ರಸ್ತೆ, ಅಷ್ಟೆಲ್ಲ ಏರಿನ ನಡುವೆಯೂ, ಕಡಿಮೆ ದಣಿಸುತ್ತದೆ.

ಟೈರ್ ಆಯ್ಕೆ ಇಲ್ಲಿಂದಲೇ ಹುಟ್ಟುತ್ತದೆ. ಟಾರಿನ ಗುಡ್ಡಗಳಿಗೆ 32ರಿಂದ 38 ಮಿ.ಮೀ. ಅಗಲ ಸಾಕು, ಗೆರೆಗಳು ಕಡಿಮೆ ಇರುವ ನುಣುಪು ಟೈರ್. 38ಕ್ಕೆ ಗಾಳಿಯ ಒತ್ತಡ ಹಿಂದೆ 55, ಮುಂದೆ 45 ಪಿಎಸ್‌ಐ ಆಸುಪಾಸು. ಕಾಲುವೆಗೆ 40ರಿಂದ 50 ಮಿ.ಮೀ., ಬದಿಗಳಲ್ಲಿ ಸಣ್ಣ ಗುಬಟುಗಳಿರುವಂಥದು. 45ಕ್ಕೆ ಹಿಂದೆ 40, ಮುಂದೆ 32 ಪಿಎಸ್‌ಐನಿಂದ ಶುರುಮಾಡಿ ತಿದ್ದಿಕೊಳ್ಳಿ. ರಿಮ್ ನೆಲಕ್ಕೆ ಬಡಿದಂತೆ ಕೇಳಿಸಿದರೆ 4 ಪಿಎಸ್‌ಐ ಹೆಚ್ಚಿಸಿ, ಅಂಗೈ ನಡುಗುತ್ತಿದ್ದರೆ 4 ಇಳಿಸಿ. ಗಾಳಿ ಜಾಸ್ತಿ ತುಂಬಿದಷ್ಟೂ ಸೈಕಲ್ ಹಗುರವಾಗಿ ಓಡುತ್ತದೆ ಎಂಬುದು ನುಣುಪು ರಸ್ತೆಗೆ ಸರಿ. ಒರಟು ನೆಲದಲ್ಲಿ ಬಿಗಿಯಾದ ಟೈರ್ ಪ್ರತಿ ಕಲ್ಲಿಗೂ ಪುಟಿದು ಶಕ್ತಿ ಕಳೆಯುತ್ತದೆ.

ಕಾಲುವೆ ಬದಿ ಮುಳ್ಳಿನ ಬೇಲಿ ಇದ್ದರೆ, ಬೇಲಿ ಕತ್ತರಿಸುವ ಕಾಲದಲ್ಲಿ ಪಂಕ್ಚರ್ ಸಾಲುಸಾಲಾಗಿ ಬರುತ್ತವೆ. ಇಂಗ್ಲೆಂಡಿನಲ್ಲಿ ಅದು ಶರತ್ಕಾಲ ಮತ್ತು ಚಳಿಗಾಲ. ಎರಡು ಟ್ಯೂಬ್, ಒಂದು ಡಬ್ಬಿ ಪ್ಯಾಚ್, ಮುಳ್ಳು ಕೀಳಲು ಚಿಮಟ ಬೇಕೇ ಬೇಕು. ಮುಳ್ಳು ತೆಗೆಯದೆ ಹೊಸ ಟ್ಯೂಬ್ ಹಾಕಿದರೆ ಅದೂ ಹೋಯಿತೆಂದೇ ಲೆಕ್ಕ. ಟೈರಿನ ಒಳಮೈ ಪೂರ್ತಿ ಬೆರಳಾಡಿಸಿ ನೋಡಿ.

ಲಾಕ್, ಸೇತುವೆ, ಸುರಂಗ, ಗೇಟು

ಹಳೆಯ ಕಾಲುವೆಗಳ ದಂಡೆ ಹುಟ್ಟಿದ್ದು ದೋಣಿ ಎಳೆಯುವ ಕುದುರೆಗಳಿಗಾಗಿ. ಇವತ್ತಿಗೂ ಸವಾರರಿಗೆ ಎದುರಾಗುವ ತೊಡಕುಗಳಲ್ಲಿ ಅರ್ಧ ಅದರಿಂದಲೇ ಬಂದವು. ಲಾಕ್ ಪಕ್ಕದ ಸಣ್ಣ ಏರಿನಲ್ಲಿ ಕುದುರೆಯ ಗೊರಸು ಜಾರದಿರಲೆಂದು ಉಬ್ಬಿಸಿದ ಇಟ್ಟಿಗೆ ಸಾಲುಗಳಿರುತ್ತವೆ. ಒದ್ದೆಯಾದಾಗ ಅವುಗಳ ಮೇಲೆ ಟೈರ್ ಜಾರುತ್ತದೆ, ನೇರವಾಗಿ ಹೋಗಿ, ಬ್ರೇಕ್ ಮುಟ್ಟಬೇಡಿ. ಸೇತುವೆಯ ಕೆಳಗೆ ದಾರಿ ಕಿರಿದಾಗಿ ನೀರಿನಂಚಿಗೆ ಬಾಗುತ್ತದೆ, ಆಚೆಯಿಂದ ಬರುವವರು ಕಾಣುವುದಿಲ್ಲ. ಬೆಲ್ ಹೊಡೆದು, ನಡಿಗೆಯ ವೇಗಕ್ಕಿಳಿದು ಹೋಗಿ. ನಡುವೆ ದಂಡೆಯ ದಾರಿ ಎಡದಿಂದ ಬಲಕ್ಕೆ ದಾಟುವ ಜಾಗಗಳಿರುತ್ತವೆ. ಗಮನಿಸದೆ ಹಳೇ ಬದಿಯಲ್ಲೇ ಹೋದರೆ ದಾರಿ ಯಾರದೋ ಹೊಲದಲ್ಲಿ ಮುಗಿಯುತ್ತದೆ.

ಸುರಂಗಗಳದ್ದು ಬೇರೆ ವಿಷಯ. ಇಂಗ್ಲೆಂಡಿನ ಅನೇಕ ಸುರಂಗಗಳೊಳಗೆ ದಂಡೆಯೇ ಇಲ್ಲ. ದೋಣಿಯವರು ಮಲಗಿ ಗೋಡೆಗೆ ಕಾಲು ಕೊಟ್ಟು ದೋಣಿ ನೂಕುತ್ತಿದ್ದರು, ಕುದುರೆಯನ್ನು ಗುಡ್ಡದ ಮೇಲಿಂದ ನಡೆಸಿ ಆಚೆ ತರುತ್ತಿದ್ದರು. ನೀವೂ ಆ ಕುದುರೆ ದಾರಿಯಲ್ಲೇ ಗುಡ್ಡ ಹತ್ತಿ ಇಳಿಯಬೇಕು. ಸಿ ಅಂಡ್ ಓ ದಾರಿಯ ಪಾ ಪಾ ಸುರಂಗ ಸುಮಾರು 950 ಮೀಟರ್. ಅದರೊಳಗೆ ದಂಡೆ ಇದೆ, ಆದರೆ ಕಗ್ಗತ್ತಲು. ದೀಪ ಹಚ್ಚಿ, ಇಳಿದು ತಳ್ಳಿಕೊಂಡು ಹೋಗಿ.

ಯೋಜನೆಯಲ್ಲಿ ಬಹಳ ಮಂದಿ ಬಿಟ್ಟುಬಿಡುವುದು ಗೇಟುಗಳನ್ನು. ಮೋಟಾರ್‌ಸೈಕಲ್ ತಡೆಯಲು ಹಾಕಿದ ಇಕ್ಕಟ್ಟಿನ ಕಂಬಿಗಳ ನಡುವೆ ಅಗಲ ಹ್ಯಾಂಡಲ್ ಅಥವಾ ಕ್ಯಾರಿಯರ್ ಬದಿಗೆ ಸಿಕ್ಕಿಸುವ ಪ್ಯಾನಿಯರ್ ಬ್ಯಾಗ್ ತುಂಬಿದ್ದರೆ ತೂರುವುದಿಲ್ಲ. ಪ್ರತಿ ಗೇಟಿಗೂ ಬ್ಯಾಗ್ ಕಳಚಿ, ಸೈಕಲ್ ಎತ್ತಿ ದಾಟಿಸಿ, ಮತ್ತೆ ಸಿಕ್ಕಿಸಲು ಐದು ನಿಮಿಷ. ಟ್ರೇಲರ್, ಇಬ್ಬರು ತುಳಿಯುವ ಸೈಕಲ್, ಮೂರು ಚಕ್ರದವರಿಗೆ ಒಂದೇ ಗೇಟು ಇಡೀ ಮಾರ್ಗವನ್ನು ಮುಚ್ಚಿಬಿಡಬಹುದು. ಹೊರಡುವ ಮೊದಲು ನಿಮ್ಮ ಸೈಕಲ್ಲಿನ ಅತಿ ಅಗಲವಾದ ಜಾಗವನ್ನು ಅಳೆದಿಟ್ಟುಕೊಳ್ಳಿ. ದುರಸ್ತಿಗಾಗಿ ದಂಡೆ ಮುಚ್ಚಿರುವ ಪ್ರಕಟಣೆಗಳನ್ನು ಕಾಲುವೆ ನೋಡಿಕೊಳ್ಳುವ ಸಂಸ್ಥೆಯ ಪುಟದಲ್ಲಿ ಓದಿಕೊಳ್ಳಿ.

ನೀರಾವರಿ ನಾಲೆಯ ಏರಿ

ದೋಣಿ ಓಡದ, ಹೊಲಕ್ಕೆ ನೀರುಣಿಸುವ ನಾಲೆಗಳ ಏರಿ ಮೇಲೂ ಸೈಕಲ್ ಓಡಿಸಬಹುದು, ಆದರೆ ಅದನ್ನು ಮೇಲಿನ ಕಾಲುವೆಗಳ ಸಾಲಿಗೆ ಸೇರಿಸಬಾರದು. ಅಲ್ಲಿ ಇರುವುದು ಪ್ರವಾಸದ ದಾರಿಯಲ್ಲ, ಮೇಲ್ವಿಚಾರಣೆಯವರ ಜೀಪು ಓಡಾಡುವ ರಸ್ತೆ. ಕೆಲವು ಕಡೆ ಅನುಮತಿ ಬೇಕು, ಕೆಲವು ಕಡೆ ತೂಬಿನ ಹತ್ತಿರ ಬೀಗ ಹಾಕಿದ ಗೇಟು ಇರುತ್ತದೆ. ಇಳಿಜಾರು ಕಣ್ಣಿಗೆ ಕಾಣದಷ್ಟು ಸಣ್ಣದು, ಕವಲು ನಾಲೆಗಳು ಒಂದೇ ರೀತಿ ಕಾಣುತ್ತವೆ, ಊರುಗಳು ದೂರ. ದೊಡ್ಡ ಅಪಾಯವೆಂದರೆ ಕಾಂಕ್ರೀಟ್ ಹಾಕಿದ ಓರೆ ದಂಡೆ. ಪಾಚಿ ಕಟ್ಟಿದ ಆ ಇಳಿಜಾರಿನಲ್ಲಿ ಬಿದ್ದವರು ಈಜು ಬಂದರೂ ಮೇಲೆ ಹತ್ತಲಾರರು, ನೀರಿನ ಸೆಳೆತ ಕೆಳಗೆ ತೂಬಿನತ್ತ ಒಯ್ಯುತ್ತದೆ. ಏರಿಯ ಒಳಬದಿ ಬಿಟ್ಟು ಹೊಲದ ಕಡೆಯ ಚಕ್ರಜಾಡಿನಲ್ಲೇ ಹೋಗಿ, ಕತ್ತಲಲ್ಲಿ ಹೋಗಲೇಬೇಡಿ. ಕುಡಿಯಲು ಯಾವ ಕಾಲುವೆಯ ನೀರೂ ಬೇಡ: ಸಾಮಾನ್ಯ ಫಿಲ್ಟರ್ ಸೂಕ್ಷ್ಮಜೀವಿಗಳನ್ನು ತಡೆದರೂ ಹೊಲದಿಂದ ಹರಿದು ಬರುವ ರಾಸಾಯನಿಕಗಳನ್ನು ತಡೆಯದು. ಗಾಯ ಇರುವ ಕೈಕಾಲನ್ನು ಆ ನೀರಿನಲ್ಲಿ ತೊಳೆಯಲೂ ಬೇಡಿ, ಇಲಿಜ್ವರದ ಸೋಂಕು ತಗಲಬಹುದು.

ಸಾಮಾನು

10 ಕಿಲೋ ಹೆಚ್ಚಿಗೆ ಹೊತ್ತರೆ ಸಮತಟ್ಟಿನಲ್ಲಿ ಅಷ್ಟೇನೂ ಗೊತ್ತಾಗದು. 1,000 ಮೀಟರ್ ಏರಿನಲ್ಲಿ ಅದು 98 ಕಿಲೋಜೂಲ್ ಹೆಚ್ಚುವರಿ ಕೆಲಸ, 100 ವಾಟ್ ಹಾಕುವವರಿಗೆ 16 ನಿಮಿಷ. ಗುಡ್ಡಕ್ಕೆ ಸಾಮಾನು 12 ಕಿಲೋ ಒಳಗಿರಲಿ. ಎಲ್ಲವನ್ನೂ ಹಿಂದೆ ಹೇರಿದರೆ ಕಡಿದಾದ ಏರಿನಲ್ಲಿ ಮುಂಚಕ್ರ ಎದ್ದು ಓಲಾಡುತ್ತದೆ, ಹಿಂಚಕ್ರದ ಚೈನ್ ಬದಿಯ ಕಡ್ಡಿಗಳು ಮುರಿಯುತ್ತವೆ. ಮೂರನೇ ಒಂದು ಭಾಗವಾದರೂ ಮುಂದೆ, ತಗ್ಗಿನಲ್ಲಿ ಕಟ್ಟಿ. ಟ್ರೇಲರ್ ಇಳಿಜಾರಿನಲ್ಲಿ ಹಿಂದಿನಿಂದ ತಳ್ಳುತ್ತದೆ, ಗುಡ್ಡಕ್ಕೆ ಬೇಡ. ಕಾಲುವೆಯಲ್ಲಿ ತೂಕಕ್ಕಿಂತ ಅದುರಾಟವೇ ಸಮಸ್ಯೆ. ಕ್ಯಾರಿಯರ್ ಬೋಲ್ಟ್‌ಗಳು ತಾವಾಗಿ ಸಡಿಲಗೊಂಡು ಬಿದ್ದುಹೋಗುತ್ತವೆ. ನೈಲಾನ್ ಬಳೆಯಿರುವ ನಟ್ ಅಥವಾ ಥ್ರೆಡ್ ಅಂಟು ಬಳಸಿ, ಎರಡು ಬಿಡಿ ಎಂ5 ಬೋಲ್ಟ್ ಜೊತೆಗಿರಲಿ, ಸಂಜೆಗೊಮ್ಮೆ ಎಲ್ಲವನ್ನೂ ಮುಟ್ಟಿ ನೋಡಿ.

ಯಾರಿಗೆ ಯಾವುದು

ಬೇರೆಬೇರೆ ಶಕ್ತಿಯವರು ಒಟ್ಟಿಗೆ ಹೊರಟಿದ್ದರೆ ಕಾಲುವೆ. ಏರಿನಲ್ಲಿ ಗುಂಪು ಚದುರುತ್ತದೆ, ಮುಂದೆ ಹೋದವರು ನೆತ್ತಿಯಲ್ಲಿ ಕಾದು ಚಳಿ ಹಿಡಿಸಿಕೊಳ್ಳುತ್ತಾರೆ, ಹಿಂದಿನವರು ವಿಶ್ರಾಂತಿಯಿಲ್ಲದೆ ಹೊರಡುತ್ತಾರೆ. ಮಕ್ಕಳಿದ್ದರೆ ವಾಹನಗಳಿಲ್ಲದ ಕಾಲುವೆ ಒಳ್ಳೆಯದೇ, ಆದರೆ ನೆಟ್ಟಗೆ ಸೈಕಲ್ ಹಿಡಿಯುವ ಅಭ್ಯಾಸ ಆಗಿರಬೇಕು. ನೀರಿನಂಚಿನಲ್ಲಿ ಕಲಿಯುವುದು ಬೇಡ, ದೊಡ್ಡವರು ನೀರಿನ ಬದಿಗೆ ಇರಲಿ. ಮೊಣಕಾಲು ನೋವಿದ್ದವರಿಗೆ ಕಾಲುವೆ ಮೇಲು. ಕೈ, ಕುತ್ತಿಗೆ, ಸೀಟಿನ ತೊಂದರೆ ಇದ್ದವರಿಗೆ, ಗೇರ್ ಸರಿಯಿದ್ದರೆ, ಗುಡ್ಡವೇ ಮೇಲು. ಒಬ್ಬರೇ ಹೊರಟು ಪೂರ್ತಿ ಗಮನವನ್ನು ನೋಟಕ್ಕೆ ಕೊಡಬೇಕೆನ್ನುವವರಿಗೂ ನಮ್ಮ ಮತ ಗುಡ್ಡಕ್ಕೆ. ಕಾಲುವೆಯಲ್ಲಿ ಎರಡನೇ ದಿನದ ಮಧ್ಯಾಹ್ನದ ಹೊತ್ತಿಗೆ ನೋಟ ಬದಲಾಗುವುದಕ್ಕೆ ಬಹಳ ಹೊತ್ತು ಹಿಡಿಯುತ್ತದೆ, ನೆಲದ ಮೇಲಿನ ಕಣ್ಣು ಎತ್ತಲೂ ಆಗುವುದಿಲ್ಲ.

ಸೈಕಲ್ ಕೆಟ್ಟರೆ? ಕಾಲುವೆಯಂತೆ ರೈಲೂ ಮಟ್ಟ ನೆಲ ಹುಡುಕುತ್ತದೆ, ಹಾಗಾಗಿ ಅನೇಕ ಕಾಲುವೆಗಳ ಪಕ್ಕದಲ್ಲೇ ರೈಲು ಹಳಿ ಸಿಗುತ್ತದೆ. ಗುಡ್ಡದಲ್ಲಿ ಚೈನ್ ತುಂಡಾದರೂ ಬ್ರೇಕ್ ಇದ್ದರೆ ಕಣಿವೆಯ ಊರಿನವರೆಗೆ ಜಾರಿಕೊಂಡು ಬರಬಹುದು, ಆದರೆ ನೆತ್ತಿಯ ಈಚೆ ಬದಿಯಲ್ಲಿ ಕೆಟ್ಟರೆ ಬಂದ ದಾರಿಗೇ ಮರಳಬೇಕು.

ಎರಡನ್ನೂ ಸೇರಿಸಿ ಮಾರ್ಗ ಹೆಣೆಯುವುದಾದರೆ ಮೊದಲ ಎರಡು ದಿನ ಕಾಲುವೆಗೆ ಕೊಡಿ, ಆಮೇಲೆ ಗುಡ್ಡ. ಸಡಿಲ ಬೋಲ್ಟ್, ಸರಿಯಿಲ್ಲದ ಸೀಟು, ಹೆಚ್ಚಾದ ಸಾಮಾನು ಎಲ್ಲ ಸಮತಟ್ಟಿನಲ್ಲೇ ಬಯಲಾಗುತ್ತವೆ. ಬೇಡದ್ದನ್ನು ಗುಡ್ಡದ ಬುಡದ ಊರಿನಿಂದ ಪಾರ್ಸೆಲ್ ಮಾಡಿ ಮನೆಗೆ ಕಳಿಸಬಹುದು. ಹಳೆ ರೈಲು ಹಳಿ ಕಿತ್ತು ಮಾಡಿದ ದಾರಿಗಳು ಇವೆರಡರ ನಡುವಿನ ಆಯ್ಕೆ. ಬೆಟ್ಟ ದಾಟುತ್ತವೆ, ಆದರೆ ಏರು ಸಾಮಾನ್ಯವಾಗಿ ಶೇ 2ರ ಆಚೀಚೆ. ಅಮೆರಿಕದ ಗ್ರೇಟ್ ಅಲೆಘೆನಿ ಪ್ಯಾಸೇಜ್ ಅಂಥದ್ದು. ಪಿಟ್ಸ್‌ಬರ್ಗ್‌ನಿಂದ ಕಂಬರ್ಲೆಂಡ್‌ವರೆಗೆ ಸುಮಾರು 240 ಕಿ.ಮೀ., ಅಲ್ಲಿಂದ ಸಿ ಅಂಡ್ ಓ ಕಾಲುವೆ ದಂಡೆ ವಾಷಿಂಗ್ಟನ್‌ವರೆಗೆ. ದಾರಿಯ ನೆತ್ತಿ 729 ಮೀಟರ್. ಕಂಬರ್ಲೆಂಡ್ ಕಡೆಯಿಂದ ಆ ನೆತ್ತಿಗೆ ಸುಮಾರು 38 ಕಿ.ಮೀ.ಯಲ್ಲಿ 540 ಮೀಟರ್ ಏರಬೇಕು. ಪಿಟ್ಸ್‌ಬರ್ಗ್ ಕಡೆಯಿಂದ ಬಂದರೆ ಏರು ಸುಮಾರು 200 ಕಿ.ಮೀ.ಗೆ ಹರಡಿಕೊಂಡು ಕಾಲಿಗೆ ತಿಳಿಯುವುದೇ ಇಲ್ಲ, ಕಡಿದಾದ 38 ಕಿ.ಮೀ. ಇಳಿಜಾರಾಗಿ ಸಿಗುತ್ತದೆ. ಇಂಥ ಯಾವುದೇ ಮಾರ್ಗಕ್ಕೆ ಎರಡೂ ದಿಕ್ಕಿನ ಏರಿನ ಚಿತ್ರ ಪಕ್ಕಪಕ್ಕ ಇಟ್ಟು ನೋಡಿ, ಆಮೇಲೆ ರೈಲು ಟಿಕೆಟ್ ತೆಗೆಯಿರಿ.